ಹೊಳೆತೂಬಿನ ಟೆಲಿಫೋನು

“ಈ ಪತ್ರ ತಲುಪಿದ ಕೂಡಲೇ ತೂಬಿನ ಬಾಗಿಲು ಇಳಿಸತಕ್ಕದ್ದು” ಎಂದು ಬಳ್ಳಾರಿಯಿಂದ ಹೊರಟ ಆಜ್ಞೆ ಸಿರುಗುಪ್ಪದ ನನ್ನ ಮೇಜಿನ ಮೇಲೆ ಬಂದು ಬಿದ್ದದ್ದು ಐದನೆಯ ದಿನ. ಅಷ್ಟರೊಳಗೆ ನಾವು ಬಾಗಿಲು ಇಳಿಸಿ, ನೀರು ಸಾಲದೆಂದು ಮತ್ತೆ ಎತ್ತಿ, ಮಳೆ ಬಂತೆಂದು ಇನ್ನೊಮ್ಮೆ ಇಳಿಸಿ ಆಗಿತ್ತು. ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸಬೇಕಾದರೆ ಇಳಿದ ಬಾಗಿಲನ್ನು ಮೊದಲು ಎತ್ತಿ, ಆಮೇಲೆ ಇಳಿಸಬೇಕಾಗುತ್ತದೆ, ಹಾಗೆ ಮಾಡಲೇ ಎಂದು ಉತ್ತರ ಬರೆದೆ. ಬಾಯಿಗಿಂತ ನನ್ನ ಕೈ ಜಗಳಗಂಟಿ. ಆ ಉತ್ತರ ಬಳ್ಳಾರಿ ಸೇರಲು ಮತ್ತೆ ಐದು ದಿನ ಹಿಡಿಯಿತು. ಆದರೆ ಅದನ್ನು ಓದಿದ ನಮ್ಮ ಇಂಜಿನಿಯರ್ ಸಾಹೇಬರು ಮರುದಿನವೇ ಜೀಪಿನಲ್ಲಿ ಬಂದಿಳಿದರು.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಮಾತು. ನಾವು ಇನ್ನೂ ಮದರಾಸಿನ ಆಡಳಿತದಲ್ಲಿದ್ದೆವು. ಪೆಟ್ರೋಲು ಸಿಗುವುದೇ ಅಪರೂಪವಾದ್ದರಿಂದ ಬಸ್ಸುಗಳು ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ನಮ್ಮ ಟಪಾಲಿನ ಚೀಲ ಅಂಥದ್ದೊಂದು ಬಸ್ಸಿನಲ್ಲಿ ಕುರುಗೋಡಿನ ಮೇಲೆ ಬರಬೇಕು. ಕುರುಗೋಡಿನಲ್ಲಿ ಡ್ರೈವರು ಇಳಿದು ಒಲೆ ಕೆದಕುತ್ತಾನೆ. ಕೆದಕುವಾಗ ಚೀಲವನ್ನು ಯಾರದೋ ಅಂಗಡಿಯ ಕಟ್ಟೆಯ ಮೇಲೆ ಇಡುತ್ತಾನೆ. ಇಟ್ಟು ಮರೆತರೆ ನಮ್ಮ ‘ಕೂಡಲೇ’ ಮುಂದಿನ ಸಂತೆಯ ತನಕ ಅಲ್ಲೇ ಕುಳಿತಿರುತ್ತದೆ.

ನಾನು ಕಾಲುವೆಯ ಓವರ್ಸಿಯರ್. ಹುಟ್ಟಿ ಬೆಳೆದದ್ದು ಬಳ್ಳಾರಿ ಪೇಟೆಯಲ್ಲಿ, ವಯಸ್ಸು ಇಪ್ಪತ್ತೇಳು, ಮೂಗಿನ ತುದಿಯಲ್ಲೇ ಸಿಟ್ಟು. ನನ್ನ ಪಾಲಿನ ಕಾಲುವೆ ಬಹಳ ಹಳೆಯದು. ಹೊಳೆಯಿಂದ ಅದಕ್ಕೆ ನೀರು ಇಳಿಯುವಲ್ಲಿ ತಲೆತೂಬು. ಅಲ್ಲಿಂದ ಮೂರು ಮೈಲಿ ಕೆಳಗೆ, ದೇಶನೂರಿನ ಗದ್ದೆಗಳು ಶುರುವಾಗುವ ಮುಂಚೆ, ಹೊಳೆತೂಬು. ಕಾಲುವೆಗೆ ನೀರು ಮಿತಿಮೀರಿ ಬಂದಾಗ ಅದನ್ನು ತಿರುಗಿ ಹೊಳೆಗೇ ಬಿಡುವುದು ಈ ತೂಬಿನ ಕೆಲಸ. ಅದಕ್ಕೆ ಮೂರು ಕಬ್ಬಿಣದ ಬಾಗಿಲು, ಪ್ರತಿ ಬಾಗಿಲಿಗೂ ಒಂದು ತಿರುಪಿನ ಸರಳು. ಸಮಯಕ್ಕೆ ಸರಿಯಾಗಿ ಅವನ್ನು ಎತ್ತದಿದ್ದರೆ ಕಾಲುವೆಯ ಏರಿ ಒಡೆದು ದೇಶನೂರಿನ ಭತ್ತವೆಲ್ಲ ನೀರುಪಾಲು. ಎರಡು ತೂಬಿಗೂ ಒಬ್ಬೊಬ್ಬ ನೀರಗಂಟಿ ಇದ್ದ. ಹೊಳೆತೂಬಿನವನು ಐವತ್ತು ದಾಟಿದ, ಗಟ್ಟಿ ಮೈಯ ಮನುಷ್ಯ. ತೂಬಿನ ಪಕ್ಕದ ಗುಡಿಸಲಲ್ಲಿ ಅವನೂ ಅವನ ಹೆಂಡತಿಯೂ ಇದ್ದರು. ಗುಡಿಸಲು ಕೆಲಸಕ್ಕೆ ಕೊಟ್ಟದ್ದು. ಕೆಲಸ ಹೋದರೆ ನೆರಳೂ ಹೋಗುತ್ತದೆ.

ಜೀಪಿನಿಂದ ಇಳಿದ ಸಾಹೇಬರು ನನ್ನನ್ನು ಬೈಯಲಿಲ್ಲ. ಹಿಂದಿನ ಸೀಟಿನಿಂದ ಮೂರು ಮರದ ಪೆಟ್ಟಿಗೆಗಳನ್ನೂ ತಂತಿಯ ಸುರುಳಿಗಳನ್ನೂ ಇಳಿಸಿದರು. ಮಿಲಿಟರಿಯವರು ಹರಾಜು ಹಾಕಿದ ಟೆಲಿಫೋನುಗಳಂತೆ. ಪೆಟ್ಟಿಗೆಯ ಪಕ್ಕದ ಹಿಡಿಯನ್ನು ಗರಗರ ತಿರುಗಿಸಿದರೆ ಆಚೆ ತುದಿಯ ಪೆಟ್ಟಿಗೆಯ ಮೇಲಿನ ಎರಡು ಗಂಟೆಬಟ್ಟಲುಗಳ ನಡುವೆ ಸಣ್ಣದೊಂದು ಸುತ್ತಿಗೆ ಬಡಿದುಕೊಳ್ಳುತ್ತದೆ. ಸಾಹೇಬರು ಮದರಾಸಿನ ಕಡೆಯವರು. ನಮ್ಮ ಹತ್ತಿರ ತೆಲುಗು ಬೆರೆಸಿದ ಕನ್ನಡ ಆಡುತ್ತಿದ್ದರು. ಆ ಪೆಟ್ಟಿಗೆಯ ಮೇಲೆ ಕೈಯಾಡಿಸುತ್ತ, “ಏಮಯ್ಯಾ, ಇನ್ನು ನಿನ್ನ ಪತ್ರದ ಚೇಷ್ಟೆ ಮುಗೀತು. ಈ ಮಳೆಗಾಲ ಪೂರ್ತಿ ಪತ್ರ, ಸೈಕಲ್ಲು, ಫೋನು ಮೂರನ್ನೂ ಪರೀಕ್ಷೆ ಮಾಡು. ಹೇಳಿದ್ದು ಎಷ್ಟು ಹೊತ್ತಿಗೆ ತಲುಪಿತು, ಕೆಲಸ ಎಷ್ಟು ಹೊತ್ತಿಗೆ ಆಯಿತು, ಎಲ್ಲ ಬರೆದಿಡು. ಯಾವುದು ಮೇಲೋ ಅದನ್ನು ಇಟ್ಟುಕೊಂಡು ಉಳಿದದ್ದು ತೆಗೆಯೋಣ” ಎಂದರು. ಜೀಪು ಹತ್ತುವಾಗ ಇನ್ನೊಂದು ಮಾತು ಸೇರಿಸಿದರು: “ಫೋನು ನೋಡಿಕೊಳ್ಳಲು ಆಗದ ನೀರಗಂಟಿ ಇದ್ದರೆ ಹೇಳು. ಆಗುವವನನ್ನು ಹಾಕೋಣ.” ಈ ಮಾತು ಸಂಜೆಯೊಳಗೆ ಕಾಲುವೆಯುದ್ದಕ್ಕೂ ಹರಡಿತು. ಅದಕ್ಕೆ ಯಾವ ಟಪಾಲೂ ಬೇಕಾಗಲಿಲ್ಲ.

ಹತ್ತು ದಿನದಲ್ಲಿ ಜಾಲಿಯ ಕಂಬ ನೆಟ್ಟು ತಂತಿ ಎಳೆಸಿದೆ. ಒಂದು ಪೆಟ್ಟಿಗೆ ನನ್ನ ಕಚೇರಿಯಲ್ಲಿ, ಒಂದು ತಲೆತೂಬಿನಲ್ಲಿ, ಒಂದು ಹೊಳೆತೂಬಿನ ಗುಡಿಸಲ ಒಳಗೋಡೆಯ ಮೇಲೆ. ರೂಲು ಹಾಕಿದ ಪುಸ್ತಕದಲ್ಲಿ ಮೂರು ಕಾಲಮು ಎಳೆದು ಪರೀಕ್ಷೆ ಆರಂಭಿಸಿದೆ.

ಪತ್ರದ ಕಥೆ ಮೇಲೆ ಹೇಳಿದ್ದೇನೆ. ಅದಕ್ಕಿದ್ದ ಒಂದೇ ಗುಣವೆಂದರೆ ಆಮೇಲೆ ಯಾರೂ ಹೇಳಿಲ್ಲ, ಕೇಳಿಲ್ಲ ಎನ್ನಲಾಗದು. ಸೈಕಲ್ಲಿನ ಕಾಲಮು ಬೇರೆ ತರಹ. ನಮ್ಮ ಜವಾನ ಕುರುಗೋಡಿನ ಸಾಬರವನು, ನನಗಿಂತ ಹತ್ತು ವರ್ಷ ದೊಡ್ಡವನು, ನಗದೆ ನಗಿಸುವ ಆಸಾಮಿ. ಒಣ ದಿನದಲ್ಲಿ ತಲೆತೂಬಿನಿಂದ ಹೊಳೆತೂಬಿಗೆ ಅರ್ಧ ತಾಸಿನೊಳಗೆ ಹೋಗುತ್ತಿದ್ದ. ಆದರೆ ನಾನು ಚೀಟಿಯಲ್ಲಿ ಬರೆದದ್ದು ಒಂದಾದರೆ ಅವನು ಅಲ್ಲಿ ಹೇಳುತ್ತಿದ್ದದ್ದು ಇನ್ನೊಂದು. ತಲೆತೂಬಿನವನಿಗೆ ನಾನೊಮ್ಮೆ “ಕಣ್ಣು ಎಲ್ಲಿಟ್ಟಿದ್ದೀ?” ಎಂದು ಬರೆದದ್ದನ್ನು ಇವನು “ಸ್ವಾಮೇರು ನಿನ್ನ ಆರೋಗ್ಯ ಕೇಳ್ಯಾರ, ಹಂಗ ಬಾಗಿಲಾನೂ ಒಂಚೂರು ನೋಡಬೇಕಂತ” ಎಂದು ಓದಿದ್ದನಂತೆ. ನಾನು ರೇಗಿದೆ.

“ಇದ್ದಂಗ ಓದಲೇ ಅಂದ್ರ ನಿನ್ನ ಸ್ವಂತದ್ದು ಯಾಕ ಸೇರಿಸ್ತೀ?”

“ಬಾಗಿಲು ಸರಿ ಮಾಡಿದ್ನೋ ಇಲ್ಲೋ ಸ್ವಾಮಿ?”

“ಮಾಡಿದ.”

“ನೀವು ಬರ್ದಂಗ ಓದಿದ್ರ ಮದ್ಲು ಜಗಳ ಆಡ್ತಿದ್ದ, ಆಮ್ಯಾಕ ಮಾಡ್ತಿದ್ದ. ನನಗ ಮಜ್ಜಿಗಿನೂ ಸಿಗ್ತಿದ್ದಿಲ್ರಿ.”

ಪುಸ್ತಕದಲ್ಲಿ ಮಜ್ಜಿಗೆಗೆ ಕಾಲಮು ಇರಲಿಲ್ಲ. ಹಾಗಾಗಿ ಬರೀ ಸಮಯವನ್ನಷ್ಟೇ ಬರೆದುಕೊಂಡೆ.

ಇನ್ನು ಫೋನು. ಅದರಲ್ಲೂ ಹೊಳೆತೂಬಿನ ಫೋನು! ತಲೆತೂಬಿನವನು ಪೆಟ್ಟಿಗೆ ಕಂಡರೆ ಹೆದರುತ್ತಿದ್ದ. ಎತ್ತಿದರೆ “ಯಾರ್ರಿ? ಎಲ್ಲಿಂದ್ರಿ? ಒಳಗ ಹೆಂಗ ಕುಂತೀರಿ?” ಎಂದು ಪ್ರಾಣ ತಿನ್ನುತ್ತಿದ್ದ. ಹೊಳೆತೂಬಿನವನು ಹಾಗಲ್ಲ. ದಿನಕ್ಕೆ ಎರಡು ಸಲ, ಗೊತ್ತಾದ ಹೊತ್ತಿಗೆ ನಾನು ಹಿಡಿ ತಿರುಗಿಸಿದೊಡನೆ ಎತ್ತುವನು. ನಾನು ಹೇಳುವೆನು. ಅವನು “ಆತ್ರಿ ಸ್ವಾಮಿ” ಎನ್ನುವನು. ಮುಂದಿನ ಮಾತಿಗೆ “ಹಂಗ ಮಾಡ್ತೀನ್ರಿ” ಎನ್ನುವನು. ಎದುರುಮಾತಿಲ್ಲ, ನೆಪವಿಲ್ಲ. ಬಾಗಿಲನ್ನು ಒಂದು ಸುತ್ತು ಎತ್ತು, ಅರ್ಧ ಸುತ್ತು ಇಳಿಸು ಎಂದು ಸಣ್ಣ ಸಣ್ಣ ಆಜ್ಞೆ ಕೊಟ್ಟೆ. ಸಂಜೆ ಮತ್ತೆ ಫೋನು ಮಾಡಿ “ಮಾಡಿದೆಯಾ?” ಎಂದು ಕೇಳಿದರೆ “ಆತ್ರಿ ಸ್ವಾಮಿ.” ಪುಸ್ತಕದಲ್ಲಿ ಅವನ ಸಾಲು ಮುತ್ತು ಪೋಣಿಸಿದಂತೆ ತುಂಬುತ್ತ ಹೋಯಿತು. ಪೆಟ್ಟಿಗೆಯ ಸುತ್ತಿಗೆಗೆ ಅವನು ಕೆಂಪು ಬಟ್ಟೆಯ ಚೂರೊಂದನ್ನು ಕಟ್ಟಿದ್ದಾನೆ, ಮೇಲೆ ಕುಂಕುಮವನ್ನೂ ಇಟ್ಟಿದ್ದಾನೆ ಎಂದು ಜವಾನ ಹೇಳಿದಾಗ, ‘ಯಂತ್ರದ ಮೇಲೆ ಭಕ್ತಿ ಉಂಟು’ ಎಂದು ಷರಾ ಬರೆದೆ. ಸಾಹೇಬರಿಗೆ ಇಷ್ಟವಾಗುತ್ತದೆಂದು ಗೊತ್ತಿತ್ತು. ನಾನು ಕಳಿಸಿದ ನಕಲನ್ನು ಅವರು ಓದಿ, “ನಿನಗೆ ಇಂಥ ನಾಲ್ಕು ಜನ ಇದ್ದರೆ ಸಾಕು” ಎಂದು ಬಳ್ಳಾರಿಯಿಂದ ಬರೆದರು. ಆ ಮೆಚ್ಚುಗೆ ಮಾತ್ರ ಹೇಗೋ ಮೂರೇ ದಿನದಲ್ಲಿ ತಲುಪಿತು.

ಆಷಾಢದ ಒಂದು ಬೆಳಿಗ್ಗೆ ಮೋಡ ಕವಿದಿತ್ತು. ಮಳೆ ಬಂದೇ ಬರುತ್ತದೆಂದು ಹೊಳೆತೂಬಿನ ಒಂದು ಬಾಗಿಲನ್ನು ಪೂರ್ತಿ ಎತ್ತುವಂತೆ ಫೋನಿನಲ್ಲಿ ಹೇಳಿದೆ. “ಆತ್ರಿ ಸ್ವಾಮಿ.” ಮಧ್ಯಾಹ್ನಕ್ಕೆ ಮೋಡ ಚದುರಿ ಬಿಸಿಲು ಬಂತು. ಅಯ್ಯೋ, ದೇಶನೂರಿಗೆ ಹೋಗಬೇಕಾದ ನೀರೆಲ್ಲ ಹೊಳೆಗೆ ಹೋಗುತ್ತಿದೆಯಲ್ಲಾ ಎಂದು ನಾನೇ ಹೊರಟೆ. ಹೋಗಿ ನೋಡುತ್ತೇನೆ, ಮೂರೂ ಬಾಗಿಲು ಹಾಕಿದಂತೆಯೇ ಇವೆ. ಗದ್ದೆಗಳಿಗೆ ನೀರು ಚೆನ್ನಾಗಿ ಹೋಗುತ್ತಿದೆ. ಸಂತೋಷಪಡುವ ಬದಲು ನನಗೆ ಪಿತ್ತ ನೆತ್ತಿಗೇರಿತು. ಆಗಲಿ ಎಂದವನು ಮಾಡಲಿಲ್ಲವಲ್ಲ!

ಅವನು ನನಗೆ ಬೆನ್ನು ಹಾಕಿ ಕುಕ್ಕರುಗಾಲಲ್ಲಿ ಕುಳಿತು ತಿರುಪಿನ ಸರಳಿಗೆ ಎಣ್ಣೆ ಸವರುತ್ತಿದ್ದ. “ಯಾರ ಅಪ್ಪಣೆ ಮೇಲೆ ಬಾಗಿಲು ಹಾಕಿದ್ದೀ?” ಎಂದು ಕೂಗಿದೆ. ಎಣ್ಣೆ ಸವರುತ್ತಲೇ ಇದ್ದ. ಇನ್ನೂ ಜೋರಾಗಿ ಕೂಗಿದೆ. ಮರದ ಮೇಲಿನ ಕೊಕ್ಕರೆಗಳು ಹಾರಿಹೋದವು, ಅವನು ತಲೆ ಎತ್ತಲಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಬೈಯುತ್ತ ಹತ್ತಿರ ಹೋದಾಗ ನನ್ನ ನೆರಳು ಸರಳಿನ ಮೇಲೆ ಬಿತ್ತು. ಅವನು ಬೆಚ್ಚಿ ಎದ್ದು, ನನ್ನ ಮುಖ ನೋಡಿ, ತಲೆಯ ವಸ್ತ್ರ ತೆಗೆದು ನಗುತ್ತ ಕೈಮುಗಿದ. ನನ್ನ ಬಾಯಿ ಆಡುವುದನ್ನೇ ನೋಡುತ್ತಿದ್ದ ಆ ಕಣ್ಣುಗಳನ್ನು ಕಂಡಾಗ ನನ್ನ ಮಾತು ಅಲ್ಲಿಗೇ ನಿಂತಿತು.

ಗುಡಿಸಲಿನಿಂದ ಅವನ ಹೆಂಡತಿ ಓಡಿ ಬಂದಳು. ನನ್ನ ಕೂಗನ್ನೆಲ್ಲ ಅವಳು ಕೇಳಿಸಿಕೊಂಡಿದ್ದಳು.

“ಬೈಬ್ಯಾಡ್ರಿ ಸ್ವಾಮಿ. ಅವ್ರಿಗೆ ಕಿವಿ ಕೇಳಂಗಿಲ್ರಿ.”

“ಯಾವಾಗಿಂದ?”

“ಆರು ವರ್ಷ ಆತ್ರಿ. ದೊಡ್ಡ ಜ್ವರ ಬಂದಿತ್ತು. ಜ್ವರ ಹೋತು, ಹೋಗುವಾಗ ಕಿವಿನೂ ತಗಂಡು ಹೋತು.”

ಕೆಂಪು ಬಟ್ಟೆ ಭಕ್ತಿಗೆ ಕಟ್ಟಿದ್ದಲ್ಲ. ಸುತ್ತಿಗೆ ಆಡಿದರೆ ಕಣ್ಣಿಗೆ ಕಾಣಲೆಂದು ಕಟ್ಟಿದ್ದು. ಕುಂಕುಮ ಮಾತ್ರ ನಮ್ಮಂಥವರು ಅನುಮಾನಪಡದಿರಲೆಂದು ಅವಳು ಹಚ್ಚಿದ್ದು. ಎತ್ತಿ ಕಿವಿಗೆ ಹಿಡಿದು, ಮನಸ್ಸಿನಲ್ಲೇ ಐದು ಎಣಿಸಿ “ಆತ್ರಿ ಸ್ವಾಮಿ”, ಮತ್ತೆ ಐದು ಎಣಿಸಿ “ಹಂಗ ಮಾಡ್ತೀನ್ರಿ” ಎನ್ನಬೇಕೆಂದು ಗಂಡನಿಗೆ ಕಲಿಸಿದವಳೂ ಅವಳೇ. ನಾನು ತೂಬಿಗೆ ಬಂದಾಗಲೆಲ್ಲ ಅವಳೇ ಮುಂದೆ ನಿಂತು ಉತ್ತರ ಕೊಡುತ್ತಿದ್ದಳೆಂಬುದು ಆಗ ನೆನಪಾಯಿತು. ಒಂದು ತಿಂಗಳಿಂದ ನಾನು ಫೋನಿನ ಕೆಲಸವನ್ನು ಫೋನಿನಲ್ಲೇ ಪರೀಕ್ಷೆ ಮಾಡಿ ಮುತ್ತು ಪೋಣಿಸಿದ್ದೆ.

“ಹಾಗಾದರೆ ಆರು ವರ್ಷದಿಂದ ಬಾಗಿಲು ಎತ್ತುವುದು, ಇಳಿಸುವುದು ಹೇಗೆ ನಡೆಯಿತು?” ಎಂದು ಕೇಳಿದೆ. ಅವಳು ಕಾಲುವೆಯ ನೀರಿನ ಕಡೆ ಕೈ ತೋರಿಸಿದಳು.

“ಮ್ಯಾಲಿನ ತೂಬಿನವ್ರು ಹುಲ್ಲಿನ ಸಿವುಡು ಬಿಡ್ತಾರಲ್ರಿ. ಬರೇ ಸಿವುಡು ಬಂದ್ರ ನೀರು ಕಡಿಮಿ ಆಗ್ತೈತಿ ಅಂತ. ಬೇವಿನ ಟೊಂಗಿ ಸಿಗಿಸಿದ್ದು ಬಂದ್ರ ಹೊಳಿ ಬಂತು, ಎಲ್ಲಾ ಎತ್ತು ಅಂತ. ಯಾವಾಗ್ಲೂ ಮೂರು ಬಿಡ್ತಾರ. ಒಂದು ಮುಳ್ಳಿಗೆ, ಒಂದು ಮಡುವಿಗೆ, ಒಂದು ನಮಗ.”

ಸಿವುಡು, ಅಂದರೆ ತೇಲಿಬಂದ ಹುಲ್ಲಿನ ಕಟ್ಟು, ನೋಡಿ ಬಾಗಿಲು ಎತ್ತಿದ ಮೇಲೆ ಇವನು ಬಿದಿರಿನ ಗಳುವಿಗೆ ಬಿಳಿ ಪಂಚೆ ಏರಿಸುತ್ತಾನೆ, ಮೇಲಿನ ತೂಬಿನವರು ಬೇವಿನ ಮರಗಳ ತಿರುವಿನ ತನಕ ಬಂದು ಅದನ್ನು ನೋಡಿ ತಿಳಿಯುತ್ತಾರೆ. ಈ ಪದ್ಧತಿ ಇವನ ಕಿವಿ ಹೋದಮೇಲೆ ಹುಟ್ಟಿದ್ದೂ ಅಲ್ಲ, ಅವರ ಅಜ್ಜಂದಿರ ಕಾಲದ್ದು. ನನ್ನ ಪುಸ್ತಕದ ಮೂರು ಕಾಲಮಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ದಾರಿಯಲ್ಲಿ ಜವಾನನನ್ನು ಹಿಡಿದುಕೊಂಡೆ. “ನಿನಗ ಗೊತ್ತಿತ್ತೇನು?”

“ಹೊಳಿ ದಂಡಿಗೆ ಎಲ್ಲಾರಿಗೂ ಗೊತ್ತೈತ್ರಿ. ಆಫೀಸಿಗೊಂದ ಗೊತ್ತಿದ್ದಿಲ್ಲ.”

“ನನಗ ಯಾಕ ಹೇಳ್ಲಿಲ್ಲ?”

“ಹೇಳಿದ್ರ ನೀವು ಬರೀತಿದ್ರಿ ಸ್ವಾಮಿ. ನಿಮ್ಮ ಕೈ ಸುಮ್ನಿರಂಗಿಲ್ಲ.”

ಆ ರಾತ್ರಿ ನನ್ನ ಕೈ ಸುಮ್ಮನಿತ್ತು. ಬರೆದರೆ ಅವನ ಕೆಲಸ ಹೋಗುತ್ತದೆ, ಗುಡಿಸಲೂ ಹೋಗುತ್ತದೆ. ಬರೆಯದಿದ್ದರೆ, ಪ್ರವಾಹ ಬಂದಾಗ ನಾನು ಕಿವುಡನ ಕೈಗೆ ಫೋನು ಕೊಟ್ಟು ಕುಳಿತ ಓವರ್ಸಿಯರ್. ಎರಡು ದಿನ ಒದ್ದಾಡಿ ಒಂದು ಉಪಾಯ ಹುಡುಕಿದೆ. ಅವನಿಗೆ ಮಾತೇಕೆ ಬೇಕು? ನಾನು ಹಿಡಿಯನ್ನು ಒಂದೇ ಸಲ ಉದ್ದಕ್ಕೆ ತಿರುಗಿಸಿದರೆ ಕೆಂಪು ಬಟ್ಟೆ ಬಿಡದೆ ಆಡುತ್ತದೆ, ಎಲ್ಲ ಬಾಗಿಲು ಎತ್ತಬೇಕು. ಎರಡು ಸಲ ಚುಟುಕಾಗಿ ತಿರುಗಿಸಿದರೆ ಇಳಿಸಬೇಕು. ಗೊತ್ತಾಯಿತೆಂದು ಅವನು ತನ್ನ ಹಿಡಿಯನ್ನು ಒಮ್ಮೆ ತಿರುಗಿಸಿದರೆ ನನ್ನ ಕಡೆಯ ಗಂಟೆ ಬಡಿಯುತ್ತದೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಅವನಿಗೆ ಎದುರು ನಿಂತು, ಕೈ ಬಾಯಿ ಎರಡರಲ್ಲೂ ಪಾಠ ಹೇಳಿದೆ. ಅರ್ಧ ದಿನದಲ್ಲಿ ಕಲಿತ. ಕಲಿತ ಸಂತೋಷಕ್ಕೆ ಅವನ ಹೆಂಡತಿ ನನಗೆ ಜೋಳದ ರೊಟ್ಟಿ, ಪುಂಡಿಪಲ್ಲೆ ಬಡಿಸಿದಳು. ಹೊರಡುವಾಗ ನಾನು ಬೆರಳೆತ್ತಿ ಒಂದು ಕಟ್ಟುನಿಟ್ಟು ಮಾಡಿದೆ: “ಮಳಿ ಶುರುವಾತು ಅಂದ್ರ ಈ ಪೆಟ್ಟಿಗಿ ಮುಂದಿಂದ ಏಳಬ್ಯಾಡ. ಕಣ್ಣು ಇದರ ಮ್ಯಾಲೇ ಇರಬೇಕು.”

ಶ್ರಾವಣದಲ್ಲಿ ಮೇಲಿನ ನಾಡಿನಲ್ಲಿ ಎಡೆಬಿಡದೆ ಮಳೆಯಾಗಿ ಹೊಳೆ ಏರತೊಡಗಿತು. ಸಿರುಗುಪ್ಪಕ್ಕೆ ಪ್ರವಾಹದ ಟೆಲಿಗ್ರಾಂ ಬಂದ ದಿನ ಬೆಳಿಗ್ಗೆಯೇ ನಾನು ಜವಾನನನ್ನು ಕರೆದುಕೊಂಡು ತಲೆತೂಬಿಗೆ ಹೋದೆ. ನಮ್ಮಲ್ಲೂ ಮಳೆ ಹಿಡಿದಿತ್ತು. ಹೊಳೆ ಕೆಂಪಾಗಿ, ಮರದ ಬೊಡ್ಡೆಗಳನ್ನು ಹೊತ್ತು ಬರುತ್ತಿತ್ತು. ತಲೆತೂಬಿನ ಬಾಗಿಲು ಇಳಿಸಲು ಹೋದರೆ ಒಂದು ಅರ್ಧಕ್ಕೇ ನಿಂತಿತು. ಕೆಳಗೆ ಬೊಡ್ಡೆ ಸಿಕ್ಕಿಕೊಂಡಿತ್ತು. ನಾಲ್ಕು ಜನ ಸರಳಿಗೆ ಜೋತುಬಿದ್ದರೂ ಕದಲಲಿಲ್ಲ. ಅರ್ಧ ಬಾಗಿಲಿನ ಹೊಳೆನೀರು ಕಾಲುವೆಗೆ ನುಗ್ಗುತ್ತಿತ್ತು. ಇನ್ನು ಹೊಳೆತೂಬೇ ಗತಿ.

ಅಲ್ಲಿನ ಪೆಟ್ಟಿಗೆಯ ಹಿಡಿ ಹಿಡಿದು ಉದ್ದಕ್ಕೆ ತಿರುಗಿಸಿದೆ. ಉತ್ತರ ಬರಲಿಲ್ಲ. ಮತ್ತೆ ತಿರುಗಿಸಿದೆ. ನನ್ನ ಕಡೆಯ ಗಂಟೆ ಬಡಿಯಲಿಲ್ಲ. ಹೊರಗೆ ಬಂದು ನೋಡಿದರೆ ಎರಡು ಕೂಗಳತೆ ದೂರದಲ್ಲಿ ಕಂಬಗಳು ಎರೆಮಣ್ಣಿನಲ್ಲಿ ವಾಲಿ, ತಂತಿ ಹರಿದು ಬಿದ್ದಿತ್ತು. ಒಣಗಿದಾಗ ಕಲ್ಲಿನಂತಿರುವ ಈ ಮಣ್ಣು ನೆನೆದರೆ ಹಿಟ್ಟಾಗುತ್ತದೆಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಕಂಬ ನೆಡಿಸಿದ್ದು ನಾನು, ಬೇಸಿಗೆಯಲ್ಲಿ.

ಜವಾನ ಹೇಳಿಸಿಕೊಳ್ಳದೆ ಸೈಕಲ್ಲು ಹತ್ತಿದ. ನಾನು ಹಿಂದೆಯೇ ನಡೆದೆ. ಅರ್ಧ ಮೈಲಿ ಹೋಗುವಷ್ಟರಲ್ಲಿ ಅವನು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಬರಿಗಾಲಲ್ಲಿ ಹೋಗುತ್ತಿದ್ದ. ಚಕ್ರಕ್ಕೆ ಎರೆಮಣ್ಣು ಮೆತ್ತಿ ಉರುಳುವುದೇ ನಿಂತಿತ್ತು. “ಬಿಸಾಕಿ ಓಡಲೇ!” ಎಂದೆ. “ಸರ್ಕಾರದ್ರಿ ಇದು!” ಎಂದ. ನಾನೇ ಕಿತ್ತು ಜಾಲಿಯ ಬುಡಕ್ಕೆ ಎಸೆದೆ. ಇಬ್ಬರೂ ಏರಿಯ ಮೇಲೆ ಜಾರುತ್ತ ಏಳುತ್ತ ನಡೆದೆವು. ಎಡಕ್ಕೆ ಕಾಲುವೆಯ ನೀರು ನಮ್ಮ ಪಾದಕ್ಕೆ ಒಂದೇ ಮೊಳ ಉಳಿಯುವಷ್ಟು ಏರಿತ್ತು.

ಆಗ ನಮ್ಮನ್ನು ಹಿಂದೆ ಹಾಕಿ ಹುಲ್ಲಿನ ಸಿವುಡೊಂದು ತೇಲಿಹೋಯಿತು, ನಡುವೆ ಬೇವಿನ ಟೊಂಗೆ. ಸ್ವಲ್ಪ ಹೊತ್ತಿಗೆ ಇನ್ನೊಂದು. ಯಾರೂ ಹೇಳದಿದ್ದರೂ ತಲೆತೂಬಿನವನು ತಮ್ಮ ಪದ್ಧತಿಯಂತೆ ಬಿಟ್ಟಿದ್ದ. ಜವಾನ, “ನಮಗಿಂತ ಮದ್ಲು ಹೋಗ್ತಾವ, ಇನ್ನ ಚಿಂತಿಲ್ರಿ” ಎಂದ. ನನಗೂ ಜೀವ ಬಂದಂತಾಯಿತು. ಮೂರನೆಯದು ಹೋದಾಗ ಅದಕ್ಕೆ ಕೈಮುಗಿದೆ ಎಂದರೆ ಯಾರೂ ನಗಬಾರದು.

ಬೇವಿನ ಮರಗಳ ತಿರುವು ದಾಟಿದರೆ ಹೊಳೆತೂಬು ಕಾಣುತ್ತದೆ. ಕಂಡಿತು. ಮೂರೂ ಬಾಗಿಲು ಮುಚ್ಚಿಯೇ ಇದ್ದವು. ಗಳುವಿನ ಮೇಲೆ ಪಂಚೆ ಇಲ್ಲ.

“ಎಲ್ಲಿ ಹೋದ್ನಪಾ ಇವ? ಮಳಿ ಬಂದ್ರ ತೂಬಿನ ಮ್ಯಾಲೇ ನಿಂತಿರ್ತಿದ್ನಲ್ಲಾ!” ಎಂದು ಜವಾನ ಬಡಬಡಿಸಿದ. ಅವನೆಲ್ಲಿದ್ದಾನೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ಆರು ವರ್ಷ ಪ್ರತಿ ಮಳೆಯಲ್ಲೂ ನೀರು ನೋಡುತ್ತ ನಿಂತವನನ್ನು ನಾನು ಒಳಗೆ, ಪೆಟ್ಟಿಗೆಯ ಮುಂದೆ, ನೀರಿಗೆ ಬೆನ್ನು ಮಾಡಿ ಕೂಡಿಸಿದ್ದೆ. ತಂತಿ ಹರಿದಿತ್ತು. ಬಟ್ಟೆ ಆಡುವುದಿಲ್ಲ. ಆಡುವ ತನಕ ಅವನು ಏಳುವುದಿಲ್ಲ.

ಓಡಿದೆ. ಬಿದ್ದೆ, ಮತ್ತೆ ಓಡಿದೆ. ಇನ್ನೂ ಒಂದು ಕೂಗಳತೆ ಇರುವಾಗ ಕೆಳಗಿನ ಗದ್ದೆಗಳ ಕಡೆಯಿಂದ ಒಂದು ಹೆಂಗಸು ಸೀರೆ ಎತ್ತಿಕಟ್ಟಿ ಏರಿ ಹತ್ತಿ ಓಡಿಬರುವುದು ಕಂಡಿತು. ಅವನ ಹೆಂಡತಿ. ದೇಶನೂರಿನವರ ಗದ್ದೆಯಲ್ಲಿ ನಾಟಿಗೆ ಬಗ್ಗಿದ್ದಳು. ಹೊಳೆತೂಬಿನಲ್ಲಿ ನಿಲ್ಲಬೇಕಾದ ಬೇವಿನ ಸಿವುಡು ತೂಬು ದಾಟಿ ತಾನಿದ್ದ ಗದ್ದೆಯ ಬದುವಿಗೆ ಬಂದದ್ದನ್ನು ಕಂಡಿದ್ದಳು. ಕೂಗಿ ಪ್ರಯೋಜನವಿಲ್ಲವೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗುಡಿಸಲ ಬಾಗಿಲಿನಿಂದಲೇ ಒಂದು ಹಿಡಿ ಕೆಸರು ಬೀಸಿ ಗಂಡನ ಬೆನ್ನಿಗೆ ಹೊಡೆದಳು.

ಅವನು ತಿರುಗಿ, ಅವಳ ಮುಖ ನೋಡಿ, ಹೊರಗೆ ಬಂದ. ನೀರು ನೋಡಿದ. ಮಾತಿಲ್ಲದೆ ನಡುಬಾಗಿಲಿನ ಸರಳಿಗೆ ಬಿದ್ದ. ಅವಳು ಎಡಕ್ಕೆ, ನಾನೂ ಜವಾನನೂ ಬಲಕ್ಕೆ. ಅಷ್ಟರಲ್ಲಿ ಏರಿಯ ತಗ್ಗಿನಲ್ಲಿ ನೀರು ಬೆರಳಗಲ ಮೀರಿ ಆಚೆ ಇಳಿಯತೊಡಗಿತ್ತು. ನಾಟಿಯ ಹೆಂಗಸರೆಲ್ಲ ಬಂದು ಅಲ್ಲಿ ಮಣ್ಣು, ಹುಲ್ಲು, ಸಸಿಯ ಕಟ್ಟು, ಕೈಗೆ ಸಿಕ್ಕಿದ್ದನ್ನೆಲ್ಲ ಒಡ್ಡಿದರು. ಒಂದೊಂದೇ ಬಾಗಿಲು ಮೇಲೆದ್ದು ಕಾಲುವೆಯ ನೀರು ಮೊರೆಯುತ್ತ ಹೊಳೆಯ ಕಡೆ ತಿರುಗಿತು. ಸಂಜೆಯ ಹೊತ್ತಿಗೆ ಒಂದು ಮೊಳ ಇಳಿಯಿತು. ಸಸಿಮಡಿ ಎರಡು ಕೊಚ್ಚಿಹೋದವು. ಏರಿ ನಿಂತಿತು.

ಎಲ್ಲ ಮುಗಿದ ಮೇಲೆ ಅ‌ವನು ಹೆಂಡತಿಗೆ ಒಂದೇ ಮಾತು ಹೇಳಿದ. ತನ್ನ ದನಿ ಎಷ್ಟು ಜೋರೆಂದು ತಿಳಿಯದವನಾದ್ದರಿಂದ ಎಲ್ಲರಿಗೂ ಕೇಳಿಸಿತು: “ಸ್ವಾಮೇರು ಏಳಬ್ಯಾಡ ಅಂದಿದ್ರು.” ಅದರಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ನಾನು ಏರಿಯ ಮೇಲೆ ಕುಳಿತು ಅತ್ತೆ. ಮಳೆ ಬರುತ್ತಿದ್ದುದು ಒಳ್ಳೆಯದಾಯಿತು.

ಮರುದಿನ ಅವಳನ್ನು ಕರೆದು ಕೇಳಿದೆ. “ಅವ್ವಾ, ಸಾಹೇಬರಿಗೆ ಎಲ್ಲಾ ಬರೀಬೇಕು ಅಂತ ಮಾಡೀನಿ. ನನ್ನ ತಪ್ಪು ಬರೀಬೇಕಂದ್ರ ಇವ್ರ ಕಿವಿನೂ ಬರೀಬೇಕಾಗ್ತೈತಿ. ಕೆಲಸ ಉಳಿತೈತಿ ಅಂತ ಮಾತು ಕೊಡಾಕ ನನ್ನ ಕೈಲಿ ಆಗಂಗಿಲ್ಲ. ನೀ ಬ್ಯಾಡ ಅಂದ್ರ ಬರಿಯಂಗಿಲ್ಲ.”

“ಬರೀರಿ” ಎಂದಳು. “ಆರು ವರ್ಷ ಯಾರರ ಬಂದ್ರ ಸಾಕು, ಎದಿ ಧಸಕ್ ಅಂತಿತ್ತು. ನಿನ್ನಿ ಊರ ಮುಳುಗ್ತಿತ್ತು. ಮುಚ್ಚಿಟ್ಟು ಮುಚ್ಚಿಟ್ಟು ಸಾಕಾತ್ರಿ.”

ಪುಸ್ತಕ ತೆಗೆದು ನಾಲ್ಕನೆಯ ಕಾಲಮು ಎಳೆದೆ. ಮೇಲೆ ‘ಸಿವುಡು’ ಎಂದು ಬರೆದೆ. ಭಕ್ತಿಯ ಷರಾ ಹೊಡೆದುಹಾಕಿ ನಡೆದದ್ದನ್ನು ನಡೆದಂತೆ ಬರೆದೆ. ಟಪಾಲನ್ನು ನಂಬದೆ ನಾನೇ ಬಳ್ಳಾರಿಗೆ ಒಯ್ದೆ. ಕುರುಗೋಡಿನಲ್ಲಿ ಬಸ್ಸು ನಿಂತಾಗ ಪುಸ್ತಕವನ್ನು ತೊಡೆಯ ಮೇಲಿಂದ ಕೆಳಗಿಡಲಿಲ್ಲ.

ಸಾಹೇಬರು ನಿಂತುಕೊಂಡೇ ಓದಿದರು. ಅವರ ಮುಖ ಕೆಂಪಾಯಿತು. “ಆರು ವರ್ಷ! ಒಬ್ಬ ಕಿವುಡ! ನನ್ನ ಕಾಲುವೆಯ ಮೇಲೆ!” ಎಂದು ಮೇಜು ಗುದ್ದಿದರು. ನಾನು ತಲೆ ತಗ್ಗಿಸಿದೆ. ಮತ್ತೆ ಮೊದಲಿನಿಂದ ಓದಿದರು. ಈ ಸಲ ಕುಳಿತುಕೊಂಡು.

“ಆರು ವರ್ಷದಲ್ಲಿ ಆ ತೂಬಿನ ಹತ್ತಿರ ಏರಿ ಎಷ್ಟು ಸಲ ಒಡೆದಿದೆ?”

“ಒಂದು ಸಲವೂ ಇಲ್ಲ, ಸರ್.”

“ಮತ್ತೆ ಈ ಸಲ ಒಡೆಯುವ ತನಕ ಯಾಕೆ ಬಂತು?”

“ಅವನು ನೀರು ನೋಡುವುದನ್ನು ನಾನು ಬಿಡಿಸಿದೆ.”

ಸಾಹೇಬರು ಪುಸ್ತಕ ಮುಚ್ಚಿದರು. ಆಮೇಲೆ ಗುಮಾಸ್ತರನ್ನು ಕರೆದು ಬರೆಯಿಸಿದರು. ಫೋನಿನ ಪೆಟ್ಟಿಗೆಯನ್ನು ಗುಡಿಸಲಿನಿಂದ ತೆಗೆದು ದೇಶನೂರಿನ ಚಾವಡಿಯಲ್ಲಿ ಇಡುವುದು, ಅಲ್ಲಿ ಯಾವಾಗಲೂ ನಾಲ್ಕು ಜನ ಇರುತ್ತಾರೆ. ಸುದ್ದಿ ಬಂದರೆ ಚಾವಡಿಯ ಮಾಳಿಗೆಯ ಮೇಲೆ ತೂಬಿಗೆ ಕಾಣುವಂತೆ ಕೆಂಪು ಬಟ್ಟೆ ಏರಿಸುವುದು. ಸಿವುಡು ಬಿಡುವ ಪದ್ಧತಿಯನ್ನು ನಿಲ್ಲಿಸಕೂಡದು. ಸೈಕಲ್ಲಿನ ಜವಾನ ಇರತಕ್ಕದ್ದು. “ಪತ್ರ?” ಎಂದರು ಗುಮಾಸ್ತರು. “ಅದೂ ಇರಲಿ. ಈ ಓವರ್ಸಿಯರ್ ಜಗಳ ಆಡುವುದು ಮತ್ತೆ ಹೇಗೆ?” ಎಂದರು. ನನಗೊಂದು ಎಚ್ಚರಿಕೆಯ ಪತ್ರ ಬರೆಯಿಸಿ ಅದನ್ನು ನನ್ನ ಕೈಗೆ ಕೊಡದೆ ಟಪಾಲಿಗೇ ಹಾಕಿಸಿದರು.

ನಾನು ಬಾಗಿಲ ತನಕ ಹೋಗಿ ತಿರುಗಿ ನಿಂತೆ. “ಸರ್, ನೀರಗಂಟಿ?”

“ಏಮಯ್ಯಾ, ಅವನ ಕೆಲಸಕ್ಕೇನಾಗಿದೆ?” ಎಂದು ಸಾಹೇಬರು ಬೇರೆ ಫೈಲು ಎಳೆದುಕೊಂಡರು. “ಅವನು ಕಿವುಡನೆಂದು ಇನ್ನು ಎಲ್ಲರಿಗೂ ಗೊತ್ತಿರಲಿ. ಅಷ್ಟೇ.”

ಮರುದಿನ ನಾನೇ ಹೊಳೆತೂಬಿಗೆ ಹೋದೆ. ಹೆಂಡತಿ ನಾಟಿಗೆ ಹೋಗಿದ್ದಳು. ಅವನೊಬ್ಬನೇ ತೂಬಿನ ಮೇಲೆ ನೀರು ನೋಡುತ್ತ ನಿಂತಿದ್ದ. ನಾನು ಸುತ್ತಿಬಂದು ಅವನ ಕಣ್ಣಿಗೆ ಬೀಳುವಂತೆ ನಿಂತೆ. ಕಂಡೊಡನೆ ತಲೆಯ ವಸ್ತ್ರ ತೆಗೆದು ಎದೆಗೆ ಒತ್ತಿಕೊಂಡ. ಏನು ತೀರ್ಮಾನವಾಯಿತೆಂದು ಕೇಳುವ ಧೈರ್ಯ ಅವನಿಗಿಲ್ಲ. ಹೇಳುವ ಆತುರ ನನಗೆ. ಕೆಲಸ ಉಳಿಯಿತು, ಗುಡಿಸಲು ಉಳಿಯಿತು, ಇನ್ನು ಯಾರಿಗೂ ಹೆದರಬೇಕಾಗಿಲ್ಲ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಆ ಅವಸರದಲ್ಲಿ ನನ್ನ ತುಟಿಗಳು ನೆಟ್ಟಗೆ ಆಡಿರಲಿಕ್ಕಿಲ್ಲ.

ಅವನು ನನ್ನ ಬಾಯಿಯನ್ನೇ ನೋಡಿದ. ರೂಢಿಯಂತೆ ತಲೆ ಆಡಿಸಲು ಹೋಗಿ ಅರ್ಧಕ್ಕೇ ನಿಲ್ಲಿಸಿದ. ಒಂದು ಹೆಜ್ಜೆ ಹತ್ತಿರ ಬಂದು, ಅಂಗೈಯನ್ನು ಕಿವಿಯ ಹಿಂದೆ ಇಟ್ಟುಕೊಂಡು, “ಸ್ವಾಮಿ, ನನಗ ತಿಳೀಲಿಲ್ರಿ. ಇನ್ನೊಂದ್ ಸಲ ಹೇಳ್ರಿ” ಎಂದ.

ಆರು ವರ್ಷದಲ್ಲಿ ಅವನು ಯಾರನ್ನೂ ಹಾಗೆ ಕೇಳಿರಲಿಲ್ಲ. ನಾನು ಅವನ ಹೆಗಲು ಹಿಡಿದು, ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ ಇನ್ನೊಂದು ಸಲ ಹೇಳಿದೆ.